ಕೌದಿಗೆ ಇಳಕಲ್ಲಿನ ರೇಷ್ಮೆ ಎಳೆ ಆದೀತೇ?

ಹುನಗುಂದದ ಓದುಗರೊಬ್ಬರು ಕೇಳಿದ್ದಾರೆ: “ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯಬೇಕೆಂದಿದ್ದೇನೆ. ಹೊಲಿಗೆ ಎದ್ದು ಕಾಣಬಾರದು, ಅದಕ್ಕೆ ಸಣ್ಣ ರೇಷ್ಮೆ ದಾರ ಹುಡುಕುತ್ತಿದ್ದೇನೆ. ಮಗ್ಗದ ರೇಷ್ಮೆ ನಡೆಯುತ್ತದೆಯೇ? ರೇಷ್ಮೆ ಬಲು ಗಟ್ಟಿ, ಹತ್ತಿ ಬಟ್ಟೆಯನ್ನೇ ಕೊಯ್ದುಹಾಕುತ್ತದೆ ಅಂತಾರೆ. ಹೌದೇ?”

ಪ್ರಶ್ನೆ ಎರಡು. ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ವಿಜ್ಞಾನ, ಅರ್ಧ ಪ್ರಚಾರ ಬೆರೆತಿದೆ.

ಒಂದು ರೇಷ್ಮೆಗೂಡನ್ನು ಬಿಚ್ಚಿದರೆ ಸುಮಾರು ಸಾವಿರ ಮೀಟರಿನಷ್ಟು ಉದ್ದದ, ಎಲ್ಲಿಯೂ ತುಂಡಾಗದ ಒಂದೇ ಎಳೆ ಸಿಗುತ್ತದೆ. ಅದರೊಳಗೆ ಜೋಡಿ ತಂತುಗಳಿವೆ. ತಂತು ಫೈಬ್ರಾಯಿನ್ ಎಂಬ ಪ್ರೋಟೀನಿನದು. ಎರಡನ್ನೂ ಹಿಡಿದಿಡುವ ಅಂಟು ಸೆರಿಸಿನ್. ಒಂದು ತಂತುವಿನ ದಪ್ಪ ಹತ್ತು ಹನ್ನೆರಡು ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಐದಾರರಲ್ಲಿ ಒಂದು ಪಾಲು. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದು ದುಂಡಗಿಲ್ಲ, ಮೂಲೆ ಸವೆದ ತ್ರಿಕೋನದಂತಿದೆ. ಚಪ್ಪಟೆ ಬದಿಗಳ ಮೇಲೆ ಬೆಳಕು ಜಾರಿ ಬರುವುದರಿಂದಲೇ ಆ ಹೊಳಪು. 1955ರಲ್ಲಿ ಮಾರ್ಷ್, ಕೋರಿ ಮತ್ತು ಲೈನಸ್ ಪಾಲಿಂಗ್ ಅವರು ಕ್ಷ-ಕಿರಣಗಳ ನೆರವಿನಿಂದ ಫೈಬ್ರಾಯಿನ್‌ನ ಒಳರಚನೆಯನ್ನು ವಿವರಿಸಿದರು. ಪ್ರೋಟೀನಿನ ಸರಪಳಿಗಳು ಕೆಲವೆಡೆ ಬಿಗಿಯಾದ ಹಾಳೆಗಳಾಗಿ ಒಂದರ ಮೇಲೊಂದು ಕೂತಿರುತ್ತವೆ, ಉಳಿದೆಡೆ ಸಡಿಲವಾಗಿರುತ್ತವೆ. ಬಿಗಿಯಿಂದ ಬಲ ಬರುತ್ತದೆ, ಸಡಿಲಿನಿಂದ ಜಗ್ಗುವ ಗುಣ. ರೇಷ್ಮೆ ಎಳೆ ಹರಿಯುವ ಮೊದಲು ತನ್ನ ಉದ್ದದ ಐದರಲ್ಲಿ ಒಂದು ಪಾಲಿನಷ್ಟು ಹಿಗ್ಗಬಲ್ಲದು. ಹತ್ತಿಗೆ ಅದರ ಅರ್ಧವೂ ಸಾಧ್ಯವಿಲ್ಲ.

“ರೇಷ್ಮೆ ಉಕ್ಕಿಗಿಂತ ಬಲಶಾಲಿ” ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆ ಮಾತಿಗೆ ಒಂದು ಷರತ್ತಿದೆ: ಸಮತೂಕದಲ್ಲಿ ಹೋಲಿಸಬೇಕು. ಹೊಲಿಯುವವರು ದಾರವನ್ನು ತೂಕ ಮಾಡಿ ಬಳಸುವುದಿಲ್ಲ, ಒಂದು ಎಳೆ ಸೂಜಿಗೆ ಪೋಣಿಸುತ್ತಾರೆ. ಲೆಕ್ಕ ಹಾಕೋಣ. 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೆನಿಯರ್. ಏಳೆಂಟು ಗೂಡುಗಳ ಎಳೆ ಕೂಡಿಸಿ ತೆಗೆದ ಕಚ್ಚಾ ರೇಷ್ಮೆ 20/22 ಡೆನಿಯರ್. ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಕಾಲು ಭಾಗ ತೂಕ ಹೋಗಿ ಸುಮಾರು 16 ಉಳಿಯುತ್ತದೆ. ಅಂಥ ಮೂರೆಳೆ ಸೇರಿಸಿದ ದಾರ 48 ಡೆನಿಯರ್. ಒಂದು ಗ್ರಾಮಿಗೆ 180 ಮೀಟರಿಗೂ ಹೆಚ್ಚು. 40 ನಂಬರಿನ ಮೂರೆಳೆ ಹತ್ತಿ ದಾರವಾದರೆ ಗ್ರಾಮಿಗೆ ಬರೀ 22–23 ಮೀಟರ್. ಅಂದರೆ ಈ ರೇಷ್ಮೆ ದಾರ ಎಂಟು ಪಟ್ಟು ಹಗುರ. ಡೆನಿಯರಿಗೆ ನಾಲ್ಕು ಗ್ರಾಮಿನಂತೆ ಲೆಕ್ಕ ಹಿಡಿದರೂ ಅದು ಇನ್ನೂರು ಗ್ರಾಂ ಭಾರದ ಆಸುಪಾಸಿನಲ್ಲಿ ಹರಿಯುತ್ತದೆ. ಹತ್ತಿ ದಾರ ಅದರ ಹಲವು ಪಟ್ಟು ತಾಳುತ್ತದೆ. ಗಟ್ಟಿ ಬಟ್ಟೆಯ ಮೇಲೆ ಸಣ್ಣ ರೇಷ್ಮೆ ಹೊಲಿಗೆಯನ್ನು ಜಗ್ಗಿದರೆ ಮೊದಲು ಸೋಲುವುದು ದಾರವೇ. ಬಟ್ಟೆ ಕೊಯ್ಯುತ್ತದೆ ಎಂಬ ಭಯ ಹೊಲಿಗೆಯನ್ನು ಅತಿಯಾಗಿ ಬಿಗಿದಾಗ, ಇಲ್ಲವೇ ಬಟ್ಟೆಯೇ ಸವೆದು ಪಿಸಿದಿದ್ದಾಗ ಮಾತ್ರ ನಿಜ. ಆಗ ಯಾವ ದಾರವಾದರೂ ಕೊಯ್ಯುತ್ತದೆ.

ಇನ್ನೊಂದು ಅಪವಾದವನ್ನೂ ತೆಗೆಯಬೇಕು. ಯುರೋಪು, ಅಮೆರಿಕದ ಸಂಗ್ರಹಾಲಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ರೇಷ್ಮೆ ಕೌದಿಗಳು ಒಣ ಎಲೆಯಂತೆ ಪುಡಿಯಾಗುತ್ತಿವೆ. ಆ ಕಾಲದಲ್ಲಿ ರೇಷ್ಮೆ ತೂಕದ ಮೇಲೆ ಮಾರಾಟವಾಗುತ್ತಿತ್ತು. ಅಂಟು ತೆಗೆದಾಗ ಕಳೆದ ಕಾಲು ಭಾಗವನ್ನು ತುಂಬಿಕೊಳ್ಳಲು ವ್ಯಾಪಾರಿಗಳು ತವರದ ಲವಣಗಳನ್ನು ಉಣಿಸಿದರು. ಕಾಲ ಕಳೆದಂತೆ ಆ ಲವಣವೇ ಬಟ್ಟೆಯನ್ನು ತಿಂದಿತು. ಹುಳುವಿನ ತಪ್ಪು ಅದರಲ್ಲಿ ಏನೂ ಇಲ್ಲ.

ಈಗ ಮೊದಲ ಪ್ರಶ್ನೆ: ಮಗ್ಗದ ಎಳೆ ನಡೆಯುತ್ತದೆಯೇ? ಇದರ ಉತ್ತರ ಹುರಿಯಲ್ಲಿದೆ. ನಮ್ಮ ಕಡೆಯ ರೈತರು ಪುಂಡಿ ನಾರಿನಿಂದ ಹಗ್ಗ ಹೊಸೆಯುವುದನ್ನು ನೆನೆಸಿಕೊಳ್ಳಿ. ಮೊದಲು ನಾರನ್ನು ಒಂದು ದಿಕ್ಕಿಗೆ ತಿರುವಿ ಎಳೆ ಮಾಡುತ್ತಾರೆ. ಅದನ್ನು ಹಾಗೇ ಬಿಟ್ಟರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಅಂಥ ಎರಡು ಮೂರು ಎಳೆಗಳನ್ನು ಕೂಡಿಸಿ ವಿರುದ್ಧ ದಿಕ್ಕಿಗೆ ತಿರುವಿದಾಗ, ಪ್ರತಿ ಎಳೆಯೂ ಬಿಚ್ಚಿಕೊಳ್ಳಲು ಹವಣಿಸುತ್ತಲೇ ಪಕ್ಕದ ಎಳೆಯನ್ನು ಅಪ್ಪಿಕೊಳ್ಳುತ್ತದೆ. ಎರಡು ತಿರುವುಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ಯಾರೂ ಗಂಟು ಹಾಕದೆಯೂ ಹಗ್ಗ ಹಗ್ಗವಾಗಿಯೇ ಇರುತ್ತದೆ. ಹೊಲಿಗೆ ದಾರದ ಗುಟ್ಟೂ ಇದೇ. ವ್ಯತ್ಯಾಸ ಇಷ್ಟು: ಹತ್ತಿಯ ನಾರು ಅಂಗುಲದ ಆಸುಪಾಸಿನದು, ಹುರಿ ಇಲ್ಲದೆ ಅದು ದಾರವೇ ಆಗದು, ರೇಷ್ಮೆ ಎಳೆ ಮೊದಲೇ ಅಖಂಡ, ಹುರಿ ಬೇಕಾದದ್ದು ತಂತುಗಳು ಸೂಜಿಯ ಕಣ್ಣಿನಲ್ಲಿ ಉಜ್ಜಿ ಚದುರದಿರಲಿ ಎಂದು. ನಾರಿನ ತುದಿಗಳು ಹೊರಗೆ ಚಾಚದ ಕಾರಣ ರೇಷ್ಮೆ ದಾರಕ್ಕೆ ಜುಂಗು ಇಲ್ಲ. ಅದು ಬಟ್ಟೆಯ ಎಳೆಗಳ ನಡುವೆ ಇಳಿದು ಮರೆಯಾಗುತ್ತದೆ.

ಮಗ್ಗದಲ್ಲಿ ಎರಡು ಬಗೆಯ ರೇಷ್ಮೆ ಇರುತ್ತದೆ. ಹಾಸಿನ ಎಳೆ ಅಚ್ಚಿನ ಉಜ್ಜಾಟ ತಾಳಬೇಕು. ಅದಕ್ಕೆ ಒಂಟಿ ಎಳೆಗೆ ಒಮ್ಮೆ, ಜೋಡಿಸಿದ ಮೇಲೆ ವಿರುದ್ಧವಾಗಿ ಇನ್ನೊಮ್ಮೆ ಹುರಿ ಕೊಡುತ್ತಾರೆ. ಹೊಕ್ಕಿನ ಎಳೆಗೆ ಹುರಿ ಅತ್ಯಲ್ಪ. ಹೊಲಿಗೆಗೆ ಹೊಕ್ಕಿನದು ಬೇಡವೇ ಬೇಡ. ನಾಲ್ಕು ಸಲ ಬಟ್ಟೆಯೊಳಗೆ ಹೋಗಿ ಬರುವಷ್ಟರಲ್ಲಿ ಅರಳಿ ನಿಲ್ಲುತ್ತದೆ. ಹಾಸಿನದು ಕೈಹೊಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಟೋಪ್ ತೆನಿ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ನೇಯ್ಗೆ ಮುಗಿದ ಮೇಲೆ ಉಳಿಯುವ ಹಾಸಿನ ತುಂಡುಗಳು ನೇಕಾರರಿಗೆ ಗಿಡ್ಡವಾದರೂ ಮೊಳದುದ್ದದ ಎಳೆಯಲ್ಲಿ ಹೊಲಿಯುವವರಿಗೆ ಸಾಕು. ಯಂತ್ರದ ಹೊಲಿಗೆಗೆ ಮಾತ್ರ ಹೊಲಿಗೆಗಾಗಿಯೇ ಹುರಿ ಮಾಡಿದ ದಾರ ಕೊಳ್ಳಬೇಕು. ಹೊಲಿಗೆ ಯಂತ್ರ ಒಂದು ದಿಕ್ಕಿನ ಹುರಿಯನ್ನು ಬಿಗಿಮಾಡಿ ಇನ್ನೊಂದು ದಿಕ್ಕಿನದನ್ನು ಬಿಚ್ಚುತ್ತದೆ. ಮಗ್ಗದ ದಾರವನ್ನು ಅದನ್ನು ಗಮನದಲ್ಲಿಟ್ಟು ಮಾಡಿರುವುದಿಲ್ಲ.

ಆದರೆ ಎಚ್ಚರ. ಇಳಕಲ್ಲಿನಲ್ಲಿ, ಗುಳೇದಗುಡ್ಡದ ಖಣದಲ್ಲಿ ಹೊಳೆಯುವುದೆಲ್ಲ ರೇಷ್ಮೆಯಲ್ಲ. ಅದರಲ್ಲಿ ಬಹಳಷ್ಟು ಚಮಕಾ, ಅಂದರೆ ಕೃತಕ ರೇಷ್ಮೆ. ಫ್ರಾನ್ಸಿನ ಶಾರ್ದೊನೆ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ. ಅದು ಸುಲಭವಾಗಿ ಬೆಂಕಿ ಹಿಡಿಯುತ್ತಿತ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡ್ಲ್ ಮರದ ತಿರುಳಿನಿಂದ ವಿಸ್ಕೋಸ್ ಮಾಡುವ ದಾರಿ ಕಂಡರು. ಇಂದಿನ ಚಮಕಾ ಅದರ ವಂಶದ್ದು. ಬಡವರ ಮೈಮೇಲೂ ಹೊಳಪು ತಂದ ಎಳೆ ಅದು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಒದ್ದೆಯಾದಾಗ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಗೆಯಬೇಕಾದ ಕೌದಿಗೆ ಅಂಥ ದಾರ ತಕ್ಕುದಲ್ಲ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ತುಂಡು ಎಳೆಯ ನಡುಭಾಗಕ್ಕೆ ನೀರು ಹಚ್ಚಿ ಜಗ್ಗಿ; ಒದ್ದೆಯಾದಲ್ಲೇ ಸುಲಭವಾಗಿ ತುಂಡಾದರೆ ಅದು ಚಮಕಾ. ಇನ್ನೊಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕಪ್ಪು ಮಣಿ ಉಳಿಸುತ್ತದೆ. ಚಮಕಾ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೀಲು ಕೊಳ್ಳುವಾಗಲೂ “ಸಿಲ್ಕ್” ಎಂಬ ಹೆಸರನ್ನಷ್ಟೇ ನಂಬಬೇಡಿ.

ಸಣ್ಣ ಸೂಜಿ ಬಳಸಿ. ಕೈಸೂಜಿಯ ನಂಬರ್ ಏರಿದಷ್ಟೂ ಸೂಜಿ ತೆಳು. ರೇಷ್ಮೆಯ ಗಂಟು ಜಾರುತ್ತದೆ, ಆದ್ದರಿಂದ ಕೊನೆಗೆ ಎರಡು ಮೂರು ಹಿಂಹೊಲಿಗೆ ಹಾಕಿ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಒಗೆಯಲು ಸೋಡಾ ಬೇಡ, ಕ್ಷಾರ ಪ್ರೋಟೀನನ್ನು ಕೆಡಿಸುತ್ತದೆ. ಒಣಗಿಸಲು ನೆರಳು ಬೇಕು, ಬಿಸಿಲು ರೇಷ್ಮೆಯನ್ನು ಹಳದಿಯಾಗಿಸಿ ಸೊರಗಿಸುತ್ತದೆ.

ಓದುಗರಿಗೆ ನನ್ನ ಉತ್ತರ ಇದು. ನಿತ್ಯ ಹೊದೆಯುವ, ಬಂಡೆಗೆ ಬಡಿದು ಒಗೆಯುವ, ಐದಾರು ಪದರಿನ ಕೌದಿಗೆ ನಮ್ಮ ಅಜ್ಜಿಯರು ಆರಿಸಿದ ದಪ್ಪ ಹತ್ತಿ ದಾರವೇ ಸರಿ. ಅದನ್ನು ಬದಲಿಸಲು ವಿಜ್ಞಾನದಲ್ಲಿ ಯಾವ ಕಾರಣವೂ ಇಲ್ಲ. ಅವ್ವನ ಸೆರಗನ್ನು, ಖಣದ ತುಂಡನ್ನು ಮೇಲ್ಪದರದ ಮೇಲೆ ಕೂರಿಸಿ ಅಂಚು ಮಡಿಸಿ ಹೊಲಿಯುವಾಗ ರೇಷ್ಮೆ ಹಾಸಿನ ಎಳೆಗೆ ಸಾಟಿಯಿಲ್ಲ. ಒಂದೇ ಕೌದಿಯಲ್ಲಿ ಎರಡೂ ಇರಲಿ: ಭಾರ ಹೊರುವಲ್ಲಿ ಹತ್ತಿ, ಮರೆಯಾಗಬೇಕಾದಲ್ಲಿ ರೇಷ್ಮೆ. ಇಳಕಲ್ಲಿನಲ್ಲಿ ಕೈಮಗ್ಗ ಇನ್ನೂ ಇದೆ. ಹೋಗಿ, ನೇಕಾರರನ್ನು ಕೇಳಿ, ಹಾಸಿನ ಎಳೆಯನ್ನು ನ್ಯಾಯವಾದ ಬೆಲೆ ಕೊಟ್ಟು ತನ್ನಿ.