ಮುಂಬಯಿಯ ಮನೆಯಿಂದ ಬೇರೆಯಾದ ಮೇಲೆ

ಕೂಡಿ ಬಾಳಿದ ಮನೆತನ ಹಿಸ್ಸೆಯಾಗುವಾಗ ಹೊಲ, ಮನೆ, ದನಕರು, ಪಾತ್ರೆ-ಪಗಡಗಳ ಪಾಲನ್ನು ಪಂಚರು ಒಂದೇ ದಿನದಲ್ಲಿ ಬರೆದು ಮುಗಿಸುತ್ತಾರೆ. ಆದರೆ ಹಿತ್ತಲ ಬಾವಿಯ ನೀರು, ಪೇಟೆಯಲ್ಲಿ ಹಿರಿಯರು ಗಳಿಸಿದ ಪತ್ತು, ಬೀಗರ ಬಳಕೆ, ಇವುಗಳನ್ನು ಯಾವ ಕಾಗದದ ಮೇಲೂ ಪಾಲು ಮಾಡಲಾಗದು. ಅವುಗಳ ಬೆಲೆ ಬೇರೆಯಾದವನಿಗೆ ತಿಳಿಯುವುದು ಮರುವರ್ಷದ ಸುಗ್ಗಿಯಲ್ಲಿ. ರಾಜ್ಯ-ರಾಷ್ಟ್ರಗಳ ಮಾತೂ ಹೀಗೆಯೇ.

ಬ್ರಿಟನ್ ದೇಶವು 2016ರ ಜೂನ್ 23ರಂದು ಜನಮತ ಪಡೆದು, ನೂರಕ್ಕೆ 51.9ರಷ್ಟು ಮತಗಳಿಂದ ಐರೋಪ್ಯ ಒಕ್ಕೂಟವನ್ನು ತೊರೆಯಲು ನಿರ್ಧರಿಸಿತು. 2020ರ ಜನವರಿ 31ರಂದು ಹೊರಬಂದಿತು; ಆ ವರ್ಷದ ಕೊನೆಯ ದಿನ ಒಕ್ಕೂಟದ ಏಕ ಮಾರುಕಟ್ಟೆಯಿಂದಲೂ ಬೇರ್ಪಟ್ಟಿತು. ನಮ್ಮ ಎಷ್ಟೋ ಮನೆಗಳ ಮಕ್ಕಳು ವೈದ್ಯರಾಗಿ, ತಂತ್ರಜ್ಞರಾಗಿ ಆ ನಾಡಿನಲ್ಲಿದ್ದಾರೆ. ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ವಿಶ್ವಗುರು ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಮೇಲಂತೂ ಅಲ್ಲಿಯ ಸುದ್ದಿ ನಮಗೆ ಪರರ ಸುದ್ದಿಯಾಗಿ ಉಳಿದಿಲ್ಲ. ಆದುದರಿಂದ, ಒಂದು ನಾಡು ತಾನಿದ್ದ ದೊಡ್ಡ ಕೂಟವನ್ನು ಬಿಟ್ಟು ಬಂದರೆ ಅಲ್ಲಿಯ ಜನರ ಬದುಕು ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿಯೂ ಏಳುವುದು ಸಹಜ.

ಇದಕ್ಕೆ ಉತ್ತರ ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ನವಿಲುತೀರ್ಥದ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯೇ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯವನ್ನು ಬಿಟ್ಟು ಬಂದ ಸೀಮೆ. ದೇಶ ಒಂದೇ, ನಾಣ್ಯ ಒಂದೇ. ಆದರೂ ಆಡಳಿತ, ಕಾಯ್ದೆ, ತೆರಿಗೆ, ನ್ಯಾಯಾಲಯಗಳು ಒಂದೇ ರಾತ್ರಿಯಲ್ಲಿ ಬದಲಾದವು. ಅದರ ಲಾಭ-ನಷ್ಟಗಳ ಲೆಕ್ಕವನ್ನು ಭಾವಾವೇಶವಿಲ್ಲದೆ ನೋಡುವುದು ಈ ಲೇಖನದ ಉದ್ದೇಶ.

ಬೆಸುಗೆ ಬಿದ್ದ ಬಗೆ

ಮುಂಬಯಿಯ ಸಂಬಂಧವನ್ನು ನಮ್ಮ ಪೂರ್ವಿಕರು ಕೇಳಿ ಪಡೆದವರಲ್ಲ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿಯಿತು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕುಂಪಣಿ ಸರ್ಕಾರವನ್ನು ಎದುರಿಸಿ, ಕೊನೆಗೆ ಸೆರೆಯಾಗಿ, 1829ರಲ್ಲಿ ಬೈಲಹೊಂಗಲದಲ್ಲಿ ಲಿಂಗೈಕ್ಯಳಾದಳು. ಆಕೆಯ ನಾಡು ಮುಂಬಯಿ ಆಧಿಪತ್ಯಕ್ಕೆ ಸೇರಿತು. 1836ರಲ್ಲಿ ಬೆಳಗಾವಿ ಜಿಲ್ಲೆ ಏರ್ಪಟ್ಟಿತು. ರಾಮದುರ್ಗ ಮಾತ್ರ ಸಂಸ್ಥಾನವಾಗಿ ಉಳಿದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು.

ರಾಜಕೀಯದ ಈ ಕಟ್ಟನ್ನು ಬಿಗಿಗೊಳಿಸಿದ್ದು ಹತ್ತಿ. ಇಲ್ಲಿಯ ಎರೆಭೂಮಿಯಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ದೂರದ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿದ್ದಿತು. 1861ರಲ್ಲಿ ಅಮೆರಿಕೆಯ ದಕ್ಷಿಣದ ರಾಜ್ಯಗಳು ತಮ್ಮ ಒಕ್ಕೂಟವನ್ನು ಬಿಟ್ಟು ಯುದ್ಧಕ್ಕಿಳಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಯ ಧಾರಣೆ ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಇಳಿಯಿತು. ಎಲ್ಲಿಯೋ ಒಂದು ಕೂಟ ಒಡೆದರೆ ಅದರ ಸೆಳಕು ನಮ್ಮ ಹೊಲದ ಬದುವಿನವರೆಗೆ ಬರುತ್ತದೆ ಎಂಬ ಪಾಠವನ್ನು ನಮ್ಮ ರೈತರು ಅಂದೇ ಕಲಿತಿದ್ದರು.

1880ರ ದಶಕದಲ್ಲಿ ರೈಲು ಬಂದ ಮೇಲೆ ಚಕ್ಕಡಿಗಳ ಮುಖ ಕುಮಟೆಯಿಂದ ರೈಲು ನಿಲ್ದಾಣಗಳ ಕಡೆಗೆ ತಿರುಗಿತು. ಬೈಲಹೊಂಗಲ ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಅಡತಿ ಅಂಗಡಿಯ ಸಾಹುಕಾರ ಮುಂಬಯಿಯ ಧಾರಣೆ ನೋಡಿ ರೈತನಿಗೆ ಬೆಲೆ ಹೇಳುತ್ತಿದ್ದನು. ಸಹಕಾರ ಸಂಘಗಳ ಸಾಲದ ಮೂಲವೂ ಮುಂಬಯಿಯ ಪ್ರಾಂತೀಯ ಸಹಕಾರಿ ಬ್ಯಾಂಕು. ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು, ಕಡೆಯ ಅಪೀಲು ಮುಂಬಯಿ ಹೈಕೋರ್ಟಿನದು. ಇಂಥ ಮನೆಯನ್ನು ನಾವು ಬಿಟ್ಟು ಬಂದೆವು. ಕನ್ನಡಿಗರೆಲ್ಲ ಒಂದಾಗಬೇಕೆಂಬ ಹಂಬಲ ಅಷ್ಟು ದೊಡ್ಡದಾಗಿತ್ತು. ಹಳೆಯ ಮೈಸೂರಿನ ಕೆಲವರು ಹಿಂದುಳಿದ ಜಿಲ್ಲೆಗಳ ಭಾರ ತಮ್ಮ ಮೇಲೆ ಬೀಳುವುದೆಂದು ಹಿಂಜರಿದರೂ ಏಕೀಕರಣ ನಿಲ್ಲಲಿಲ್ಲ. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕೊಂದು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಉಳಿದ ತಾಲೂಕುಗಳು ಹೊಸ ಮೈಸೂರು ರಾಜ್ಯಕ್ಕೆ ಬಂದವು.

ಅಂಡಿಗೆಯ ಮೇಲಿನ ಗೆರೆ

1956ರ ಅಕ್ಟೋಬರಿನವರೆಗೆ ಬೈಲಹೊಂಗಲದ ಸರಕು ಮುಂಬಯಿಗೆ ಹೋದರೆ ಅದು ಒಂದೇ ರಾಜ್ಯದೊಳಗಿನ ವ್ಯಾಪಾರ. ನವೆಂಬರಿನಿಂದ ಅದು ಅಂತರರಾಜ್ಯ ವ್ಯಾಪಾರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಮಾರಾಟ ತೆರಿಗೆಯ ಕಾಯ್ದೆ ಬಂದಿತು. ರಾಜ್ಯದ ಗಡಿ ದಾಟುವ ಸರಕಿನ ಮೇಲೆ ಮೊದಲು ನೂರಕ್ಕೆ ಒಂದು ರೂಪಾಯಿಯಷ್ಟಿದ್ದ ತೆರಿಗೆ 1975ರ ಹೊತ್ತಿಗೆ ನೂರಕ್ಕೆ ನಾಲ್ಕಾಯಿತು. ನಮ್ಮ ವ್ಯಾಪಾರಸ್ಥರು ‘ಸಿ ಫಾರ್ಮ್’ ಎಂಬ ಕಾಗದದ ಹಿಂದೆ ತಿರುಗುವುದನ್ನು ಕಲಿತರು. ನಿಪ್ಪಾಣಿಯ ಆಚೆ ಹೆದ್ದಾರಿಯಲ್ಲಿ ಲಾರಿಗಳು ಚೆಕ್‌ಪೋಸ್ಟಿನ ಮುಂದೆ ಸಾಲುಗಟ್ಟಿದವು. ನಮ್ಮ ಸಂವಿಧಾನದ 301ನೆಯ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆಂದು ಹೇಳುತ್ತದೆ. ಆದರೂ ಗೆರೆ ಎಳೆದಲ್ಲಿ ಕಾಗದ ಹುಟ್ಟುತ್ತದೆ, ಕಾಗದ ಹುಟ್ಟಿದಲ್ಲಿ ಖರ್ಚು ಹುಟ್ಟುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗಲೇ ಆ ತೆರಿಗೆಯ ನಾಕೆಗಳು ತೆರವಾದವು. ಅರವತ್ತು ವರ್ಷ ಹಿಡಿಯಿತು.

ಬ್ರಿಟನ್ನಿನಲ್ಲಿ ಆದದ್ದೂ ಇದೇ ಜಾತಿಯದು. 2020ರ ಡಿಸೆಂಬರಿನ ಒಪ್ಪಂದದಂತೆ ಆ ದೇಶ ಮತ್ತು ಒಕ್ಕೂಟದ ನಡುವೆ ಅಲ್ಲಿಯೇ ತಯಾರಾದ ಸರಕಿಗೆ ಸುಂಕವಿಲ್ಲ. ಆದರೆ ಸರಕಿನ ಘೋಷಣಾಪತ್ರ, ಆಹಾರ ಪದಾರ್ಥಗಳ ಆರೋಗ್ಯ ಪ್ರಮಾಣಪತ್ರ, ಬಂದರಿನ ತಪಾಸಣೆ, ಇವೆಲ್ಲ ಹೊಸದಾಗಿ ಬಂದವು. ದೊಡ್ಡ ಕಂಪನಿಗಳು ಗುಮಾಸ್ತರನ್ನು ನೇಮಿಸಿಕೊಂಡು ನಿಭಾಯಿಸಿದವು. ಸಣ್ಣ ವ್ಯಾಪಾರಿಗಳಲ್ಲಿ ಹಲವರು ಯುರೋಪಿಗೆ ಸರಕು ಕಳಿಸುವುದನ್ನೇ ಬಿಟ್ಟರು. ಅಲ್ಲಿಯ ಸರ್ಕಾರದ ಅಧಿಕೃತ ಆಯವ್ಯಯ ಪರಿಶೀಲನಾ ಸಂಸ್ಥೆಯು, ಒಕ್ಕೂಟದಲ್ಲಿಯೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ನೂರಕ್ಕೆ ನಾಲ್ಕರಷ್ಟು ಕಡಿಮೆಯಾಗುವುದೆಂದು ಅಂದಾಜು ಮಾಡಿದೆ. ಅದು ಒಮ್ಮೆಲೇ ಬಿದ್ದ ಪೆಟ್ಟಲ್ಲ. ವರ್ಷವರ್ಷವೂ ಗೆದ್ದಲು ತಿಂದಂತೆ ಆಗುವ ಸವೆತ.

ಉಳುವವನ ದಿನ ಮುಂದಕ್ಕೆ ಹೋಯಿತು

ಬೇರ್ಪಡುವಿಕೆಯ ಅತ್ಯಂತ ಭಾರವಾದ ಬೆಲೆ ತೆತ್ತವನು ವ್ಯಾಪಾರಿಯಲ್ಲ, ಗೇಣಿಯ ರೈತ. ಈ ಸಂಗತಿ ನಮ್ಮ ಸಭೆ-ಸಮಾರಂಭಗಳಲ್ಲಿ ಕೇಳಿಬರುವುದು ಕಡಿಮೆ.

ಮುಂಬಯಿ ಸರ್ಕಾರವು 1948ರ ತನ್ನ ಗೇಣಿ ಕಾಯ್ದೆಗೆ ಮಾಡಿದ ದೊಡ್ಡ ತಿದ್ದುಪಡಿ 1956ರ ಆಗಸ್ಟ್ 1ರಂದು, ಎಂದರೆ ನಾವು ಬೇರೆಯಾಗುವ ಮೂರು ತಿಂಗಳ ಮೊದಲು, ಜಾರಿಗೆ ಬಂದಿತ್ತು. ಅದರ ಪ್ರಕಾರ 1957ರ ಏಪ್ರಿಲ್ 1 ‘ಉಳುವವರ ದಿನ’. ಅಂದು ಗೇಣಿದಾರನು ತಾನು ಉಳುವ ಭೂಮಿಯನ್ನು ಕೊಂಡವನೆಂದು ಕಾಯ್ದೆಯೇ ಭಾವಿಸುತ್ತಿತ್ತು. ಮುಂಬಯಿ ರಾಜ್ಯದಲ್ಲಿ ಆ ದಿನ ಬಂದಿತು. ಇಲ್ಲಿ, ಅದೇ ಕಾಯ್ದೆ ಉಳಿದಿದ್ದರೂ, ಮೈಸೂರು ರಾಜ್ಯದ ವಿಧಾನಮಂಡಲ 1957ರಲ್ಲಿ ಆ ಕಲಮುಗಳನ್ನು ತಡೆಹಿಡಿಯಿತು. ಇಡೀ ಹೊಸ ರಾಜ್ಯಕ್ಕೆ ಒಂದೇ ಕಾಯ್ದೆ ಬರಲಿ ಎಂಬ ಕಾರಣ ಅದಕ್ಕಿತ್ತು. ಆ ಒಂದೇ ಕಾಯ್ದೆ 1961ರಲ್ಲಿ ಅಂಗೀಕಾರವಾಗಿ, 1965ರಲ್ಲಿ ಜಾರಿಗೆ ಬಂದಿತು. ಗೇಣಿ ಭೂಮಿ ಸರ್ಕಾರಕ್ಕೆ ನಿಹಿತವಾಗಿ ಉಳುವವನಿಗೆ ಒಡೆತನದ ದಾರಿ ತೆರೆದದ್ದು 1974ರ ಮಾರ್ಚ್ 1ರಂದು. ಹದಿನೇಳು ವರ್ಷಗಳ ಅಂತರ! ಒಂದು ತಲೆಮಾರಿನ ಮಕ್ಕಳು ಅಷ್ಟರಲ್ಲಿ ಬೆಳೆದು ದೊಡ್ಡವರಾದರು. ಲಾವಣಿಯ ಹೊಲವನ್ನು ಆ ನಡುವೆ ಬಿಟ್ಟುಕೊಟ್ಟವರು ಮರಳಿ ಪಡೆಯಲಿಲ್ಲ.

ನಮ್ಮ ಸಮಾಜದಲ್ಲಿ ಭೂಮಿ ಕೊಟ್ಟವರೂ ಇದ್ದಾರೆ, ಉತ್ತವರೂ ಇದ್ದಾರೆ. ಇಬ್ಬರೂ ಒಂದೇ ಮಠದ ಭಕ್ತರು. ಆದುದರಿಂದ ಇದನ್ನು ಒಬ್ಬರ ಮೇಲಿನ ದೂರಾಗಿ ಹೇಳುತ್ತಿಲ್ಲ. ಕಾಯಕದಿಂದ ಬದುಕುವವನಿಗೆ ಹಳೆಯ ಮನೆಯಲ್ಲಿ ಸಲ್ಲಲಿದ್ದ ಹಕ್ಕನ್ನು ಹೊಸ ಮನೆ ಮೊದಲ ದಿನವೇ ಸಲ್ಲಿಸಬೇಕೆಂಬ ಎಚ್ಚರ ಅಂದು ಸಾಕಷ್ಟಿರಲಿಲ್ಲ ಎಂಬುದಷ್ಟೇ ನಮ್ಮ ಮಾತು.

ನ್ಯಾಯದ ದಾರಿಯೂ ಹೀಗೆಯೇ ನಡೆಯಿತು. ಅಪೀಲಿಗಾಗಿ ಮುಂಬಯಿಗೆ ಹೋಗುತ್ತಿದ್ದ ಸವದತ್ತಿಯ ಕಕ್ಷಿದಾರ ಬೆಂಗಳೂರಿಗೆ ಹೋಗತೊಡಗಿದನು. ದಾರಿ ನಾಲ್ಕುನೂರು ಕಿಲೋಮೀಟರಿಗಿಂತ ಕಡಿಮೆಯಾಗಲಿಲ್ಲ. ವಕೀಲರೂ ಜನರೂ ಬಹುಕಾಲ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು.

ನದಿ ಕೊಟ್ಟ ಉತ್ತರ

ಹಾಗಾದರೆ ಬೇರೆಯಾಗಿ ಕೆಟ್ಟೆವೇ? ಇಲ್ಲ. ನವಿಲುತೀರ್ಥದಲ್ಲಿ ನಿಂತು ನೋಡಿದರೆ ಸಾಕು.

ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ಒಂದು ಕಾಲಕ್ಕೆ ಇದರ ದಂಡೆಯ ಮೇಲೆ ಬ್ರಿಟಿಷ್ ಜಿಲ್ಲೆಗಳಿದ್ದವು, ನಡುವೆ ರಾಮದುರ್ಗ ಸಂಸ್ಥಾನವಿತ್ತು. 1956ರ ತರುವಾಯ ಹುಟ್ಟಿನಿಂದ ಸಂಗಮದವರೆಗೆ ನದಿ ಒಂದೇ ರಾಜ್ಯದ್ದಾಯಿತು. ಸವದತ್ತಿಯ ಬಳಿ ಗುಡ್ಡಗಳ ಇರುಕಿನಲ್ಲಿ ಅಣೆಕಟ್ಟು ಎದ್ದು 1972ರಲ್ಲಿ ಪೂರ್ಣಗೊಂಡಿತು. ರೇಣುಕಾಸಾಗರದಲ್ಲಿ 37 ಟಿ.ಎಂ.ಸಿ.ಗೂ ಮಿಕ್ಕು ನೀರು ನಿಲ್ಲುತ್ತದೆ. ಯೋಜನೆಯ ಗುರಿ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ. ಹುಬ್ಬಳ್ಳಿ-ಧಾರವಾಡಗಳ ಜನ ಕುಡಿಯುವುದೂ ಇದೇ ನೀರನ್ನು. ಅದೇ 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕತರ್ಕಿಯವರ ‘ವರಲಕ್ಷ್ಮಿ’ ಹತ್ತಿಯ ತಳಿ ಬಿಡುಗಡೆಯಾಯಿತು. ಮುಂಬಯಿಯ ಧಾರಣೆಗೆ ಕಾಯುತ್ತಿದ್ದ ಸೀಮೆಗೆ ತನ್ನದೇ ನೀರೂ ತನ್ನದೇ ಬೀಜವೂ ಒದಗಿದವು.

ಈ ಲಾಭಕ್ಕೂ ಕಂದಾಯ ಬಿದ್ದಿತು. ನೀರು ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರದ ನೋಟೀಸು ಬಂದವು. ಅದೇ ಹೊತ್ತಿನಲ್ಲಿ ಹತ್ತಿಯ ಬೆಲೆ ಕುಸಿದಿತ್ತು. 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಸಿಡಿದ ಚಳವಳಿಯಲ್ಲಿ ರೈತರು ಗುಂಡಿಗೆ ಬಲಿಯಾದರು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ ಹೆಚ್ಚಿನವು ಉತ್ತರದವು. ತನ್ನ ಮಾತನಾಡುವ ಸರ್ಕಾರ ಬಂದ ಮಾತ್ರಕ್ಕೆ ತನ್ನ ಕಷ್ಟ ಕೇಳುವ ಸರ್ಕಾರ ಬಂದಂತಾಗುವುದಿಲ್ಲ. ಕೇಳಿಸುವ ಕೆಲಸ ಮತ್ತೆ ಜನರದೇ.

ಮೊದಲೇ ಕೂಡಿಟ್ಟ ಗಂಟು

ಇಷ್ಟಾದರೂ ನಮ್ಮ ಸೀಮೆ ಮುಗ್ಗರಿಸಿ ಬೀಳಲಿಲ್ಲವೆಂದರೆ ಅದರ ಕಾರಣ 1956ಕ್ಕಿಂತ ಹಿಂದೆ ಇದೆ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲೇ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರಿಂದ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಮಠಗಳ ಪ್ರಸಾದನಿಲಯಗಳಲ್ಲಿ ಹಳ್ಳಿಯ ಹುಡುಗರು ಉಂಡು ಓದಿದರು. ಹೀಗೆ ಪತ್ತು, ವಿದ್ಯೆ, ಜನ ಮೂರೂ ಮನೆಯಲ್ಲಿ ಸಿದ್ಧವಾಗಿದ್ದುದರಿಂದ ಸಾಲದ ಮೂಲ ಮುಂಬಯಿಯಿಂದ ಬೆಂಗಳೂರಿಗೆ ಸರಿದಾಗಲೂ ಸಹಕಾರ ಸಂಘಗಳು ಮುಚ್ಚಲಿಲ್ಲ, ಕಚೇರಿಗಳಿಗೆ ಕನ್ನಡದ ಕಾರಕೂನರ ಕೊರತೆಯಾಗಲಿಲ್ಲ.

ಇನ್ನೊಂದು ಮಾತು. ಬೇರೆಯಾದರೂ ಬಳಕೆ ಬಿಡಲಿಲ್ಲ. ಭಾರತ ಹುಣ್ಣಿಮೆ ಬಂತೆಂದರೆ ಕೊಲ್ಹಾಪುರದ ಕಡೆಯ ಭಕ್ತರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಇಂದಿಗೂ ಬರುತ್ತಾರೆ. ಜಾತ್ರೆಯ ಅಂಗಡಿಯಲ್ಲಿ ಮರಾಠಿಯೂ ನಡೆಯುತ್ತದೆ, ಕನ್ನಡವೂ ನಡೆಯುತ್ತದೆ. ಬ್ರಿಟನ್ ಕೂಡ ಹೊರಬಂದ ಮೇಲೆ ಹೊಸ ಬಳಕೆ ಹುಡುಕಿತು. 2025ರ ಜುಲೈ 24ರಂದು ನಮ್ಮ ದೇಶದೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ದೂರದ ಹೊಸ ನಂಟು ಒಳ್ಳೆಯದೇ. ಆದರೆ ಓಣಿಯ ನೆರೆಯವನೊಡನೆ ನಿತ್ಯ ನಡೆಯುವ ಕೊಡು-ಕೊಳ್ಳುವಿಕೆಗೆ ಅದು ಸಾಟಿಯಾಗಲಾರದು.

ಶರಣರ ಗಣದಲ್ಲಿ ಸುಂಕ ವಸೂಲಿಯನ್ನೇ ಕಾಯಕವಾಗಿ ಮಾಡಿದ ಸುಂಕದ ಬಂಕಣ್ಣನವರಿದ್ದಾರೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿದರೆಂದು ಐತಿಹ್ಯ ಹೇಳುವ ಮೋಳಿಗೆ ಮಾರಯ್ಯನವರೂ ಇದ್ದಾರೆ. ಮಾರಯ್ಯನವರು ಬಿಟ್ಟು ಬಂದದ್ದನ್ನು ನೆನೆದು ಕೊರಗುತ್ತ ಕೂಡಲಿಲ್ಲ. ಬಂದ ಊರಿನಲ್ಲಿ ಮರುದಿನವೇ ಹೊರೆ ಹೊತ್ತರು. ನಾಡಾಗಲಿ, ಮನೆಯಾಗಲಿ ಬೇರೆಯಾಗುವ ಪ್ರಸಂಗ ಬಂದಾಗ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಹಳೆಯ ಮನೆ ಕೊಡುತ್ತಿದ್ದುದರಲ್ಲಿ ನಾಳೆ ಬೆಳಿಗ್ಗೆ ಬೇಕಾಗುವುದು ಯಾವುದು? ಅದನ್ನು ನಾವೇ ಕಟ್ಟಿಕೊಳ್ಳಲು ಎಷ್ಟು ವರ್ಷ ಬೇಕು? ಅಷ್ಟು ವರ್ಷ ಕಾಯುವ ಕಷ್ಟ ಯಾರ ಹೆಗಲ ಮೇಲೆ ಬೀಳುತ್ತದೆ? ಮೂರನೆಯ ಪ್ರಶ್ನೆಗೆ ‘ಮನೆಯಲ್ಲಿ ಎಲ್ಲರಿಗಿಂತ ಬಡವನ ಮೇಲೆ’ ಎಂಬ ಉತ್ತರ ಬಂದರೆ, ಪಾಲುಪಟ್ಟಿ ಬರೆಯುವ ಮೊದಲು ಆತನ ಪಾಲನ್ನು ತೆಗೆದಿಡಬೇಕು. ದಾಸೋಹದ ತತ್ವ ನಮಗೆ ಕಲಿಸಿದ ಅರ್ಥಶಾಸ್ತ್ರ ಇದೇ.