ಆ ದಿನವನ್ನು ಕಾದವರು

ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯೆಂದರೆ ನಮ್ಮ ಸೀಮೆಯ ಜನಕ್ಕೆ ಮೊದಲು ನೆನಪಾಗುವುದು ಜೂನ್ 13ರ ಸಂತ ಅಂತೋಣಿಯವರ ಹಬ್ಬ, ಹೊಲ ಉಳುವಾಗ ನೇಗಿಲಿಗೆ ಸಿಕ್ಕಿತೆಂದು ಹಿರಿಯರು ಹೇಳುತ್ತ ಬಂದ ಮರದ ಪ್ರತಿಮೆಯ ಕಥೆ, ಮತಭೇದವನ್ನೆಣಿಸದೆ ಹರಕೆ ಹೊತ್ತು ಬರುವ ಜನಸ್ತೋಮ. 2019ರಲ್ಲಿ ಬಸಿಲಿಕವೆಂಬ ಗೌರವಕ್ಕೆ ಪಾತ್ರವಾದ ಆ ದೇವಾಲಯದಲ್ಲಿ, ಹಬ್ಬದ ಸಂಭ್ರಮವೂ ಮಳೆಗಾಲವೂ ಮುಗಿದು, ಸುತ್ತಣ ಹೊಲಗಳಲ್ಲಿ ರಾಗಿ ತೆನೆ ಬಲಿತು ನಿಂತ ನವೆಂಬರಿನ ಕೊನೆಯ ವಾರಗಳಲ್ಲಿ, ಮತ್ತೊಂದು ಬಗೆಯ ಪಾಠ ಕೇಳಿಬರುತ್ತದೆ: ಸೂರ್ಯನು ಕಪ್ಪಾಗುವುದು, ನಕ್ಷತ್ರಗಳು ಉದುರುವುದು, ಮನುಷ್ಯಪುತ್ರನು ಮೇಘಾರೂಢನಾಗಿ ಬರುವುದು, ಆ ದಿನ ಆ ಗಳಿಗೆ ಯಾರಿಗೂ ತಿಳಿಯದಾದುದರಿಂದ ಎಚ್ಚರವಾಗಿರಬೇಕೆಂಬುದು. ಕಥೋಲಿಕ ಪೂಜಾಕ್ರಮವು ಪರಿಷ್ಕೃತವಾದ 1969ರಿಂದೀಚೆಗೆ ಒಂದು ವರ್ಷ ಮತ್ತಾಯನ ಸುವಾರ್ತೆಯಿಂದ, ಮರುವರ್ಷ ಮಾರ್ಕನಿಂದ, ಅದರಾಚೆಯ ವರ್ಷ ಲೂಕನಿಂದ, ಹೀಗೆ ಸರದಿಯಂತೆ ಈ ಭಾಗಗಳು ಓದಲ್ಪಡುತ್ತವೆ. ಕ್ರಿಸ್ತಜಯಂತಿಯ ಸಿದ್ಧತೆಗೆಂದು ಆಗಮನ ಕಾಲವನ್ನು ಆರಂಭಿಸುವ ಭಾನುವಾರದಂದೇ, ಶಿಶುವಿನ ಜನನವನ್ನಲ್ಲ, ಲೋಕಾಂತ್ಯವನ್ನು ನೆನೆಯಿಸುವ ಈ ಪದ್ಧತಿಯ ಮೂಲವೆಲ್ಲಿ?

ಲೋಕಾಂತ್ಯದ ಈ ನಿರೀಕ್ಷೆಯು ಯೇಸುಸ್ವಾಮಿಯವರ ಕಾಲದಲ್ಲಿ ಒಮ್ಮೆಗೇ ಹುಟ್ಟಿದುದಲ್ಲ. ಕ್ರಿ.ಪೂ. 167ರಲ್ಲಿ ಸಿರಿಯದ ಅರಸು ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನು ನಿಷೇಧಿಸಿ, ಯೆರೂಸಲೇಮಿನ ದೇವಾಲಯದ ಬಲಿಪೀಠವನ್ನು ಅಪವಿತ್ರಗೊಳಿಸಿದಾಗ, ದೇವರ ಕಟ್ಟಳೆಯನ್ನು ಮೀರಲೊಲ್ಲದೆ ಪ್ರಾಣ ತೆತ್ತವರಿಗೆ ನ್ಯಾಯವೆಲ್ಲಿ ದೊರೆಯಬೇಕೆಂಬ ಸಂಕಟದ ಪ್ರಶ್ನೆಯೊಂದು ಆ ಜನಾಂಗದ ಮುಂದೆ ನಿಂತಿತು. ದಾನಿಯೇಲನ ಗ್ರಂಥವು ಇಂದಿನ ರೂಪವನ್ನು ಪಡೆದುದು ಆ ಸಂಕಟದ ದಿನಗಳಲ್ಲಿಯೇ ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಅದರ ಏಳನೆಯ ಅಧ್ಯಾಯದಲ್ಲಿ ಸಾಮ್ರಾಜ್ಯಗಳು ಸಮುದ್ರದಿಂದ ಏರಿಬರುವ ಮೃಗಗಳಾಗಿ ಕಾಣಿಸಿಕೊಳ್ಳುತ್ತವೆ. ಅವುಗಳ ದರ್ಪವಡಗಿದ ಮೇಲೆ ಮನುಷ್ಯಪುತ್ರನಂತಿರುವವನೊಬ್ಬನು ಮೇಘಗಳೊಡನೆ ಬಂದು ಶಾಶ್ವತವಾದ ರಾಜ್ಯವನ್ನು ಪಡೆಯುತ್ತಾನೆ. ಗ್ರಂಥದ ಕೊನೆಯಲ್ಲಿ ಸತ್ತವರು ಎದ್ದುಬರುವ ಮಾತೂ ಉಂಟು. ಲೋಕಾಂತ್ಯದ ಕಲ್ಪನೆಯೆಂದರೆ ಭಯದ ಕೂಸೆಂದು ತಿಳಿಯುವವರು ಈ ಹುಟ್ಟನ್ನು ಗಮನಿಸಬೇಕು. ಅದು ಹುಟ್ಟಿದುದು ನ್ಯಾಯದ ಹಸಿವಿನಿಂದ.

ಕ್ರಿ.ಪೂ. 63ರಲ್ಲಿ ರೋಮಿನ ಸೇನಾನಿ ಪಾಂಪೆಯು ಯೆರೂಸಲೇಮನ್ನು ಹೊಕ್ಕ ಮೇಲೆ ಆ ಹಸಿವು ಕಡಿಮೆಯಾಗಲಿಲ್ಲ. 1947ರಿಂದ ಮೃತಸಮುದ್ರದ ದಡದ ಗವಿಗಳಲ್ಲಿ ದೊರೆತ ಸುರುಳಿಗಳಲ್ಲಿ ಬೆಳಕಿನ ಮಕ್ಕಳಿಗೂ ಕತ್ತಲೆಯ ಮಕ್ಕಳಿಗೂ ನಡೆಯಲಿರುವ ಕೊನೆಯ ಯುದ್ಧದ ವಿವರಗಳಿವೆ. ಸ್ನಾನಿಕ ಯೋಹಾನನು ಯೊರ್ದಾನ್ ನದಿಯ ದಡದಲ್ಲಿ, ಮರದ ಬುಡಕ್ಕೆ ಕೊಡಲಿ ಈಗಾಗಲೇ ತಾಗಿದೆಯೆಂದು ಸಾರಿದುದೂ, ಯೇಸುಸ್ವಾಮಿಯವರು ಗಲಿಲೇಯದ ಹಳ್ಳಿಗಳಲ್ಲಿ ದೇವರ ರಾಜ್ಯವು ಸಮೀಪಿಸಿತೆಂದು ಬೋಧಿಸಿದುದೂ ಇಂಥ ವಾತಾವರಣದಲ್ಲಿಯೇ. ಅಲ್ಲಿ ನಿಂತಿದ್ದವರಲ್ಲಿ ಕೆಲವರು ಆ ರಾಜ್ಯವನ್ನು ಕಣ್ಣಾರೆ ಕಾಣುವವರೆಗೆ ಸಾಯುವುದಿಲ್ಲವೆಂಬ ಅರ್ಥದ ಮಾತೊಂದು ಮಾರ್ಕನ ಒಂಬತ್ತನೆಯ ಅಧ್ಯಾಯದ ಮೊದಲಲ್ಲಿಯೇ ಇದೆ. ಮೊದಲ ತಲೆಮಾರಿನ ವಿಶ್ವಾಸಿಗಳು ಅದನ್ನು ಅಕ್ಷರಶಃ ನಂಬಿದರು.

ನಂಬಿದರೆಂಬುದಕ್ಕೆ ಸುವಾರ್ತೆಗಳಿಗಿಂತಲೂ ಹಳೆಯದಾದ ಸಾಕ್ಷ್ಯವುಂಟು. ಕ್ರಿ.ಶ. 50ರ ಸುಮಾರಿಗೆ ಪ್ರೇಷಿತ ಪೌಲನು ಥೆಸಲೊನಿಕದ ಸಭೆಗೆ ಬರೆದ ಪತ್ರವನ್ನು ಓದಿದರೆ, ಆ ಪುಟ್ಟ ಸಮುದಾಯದವರ ಚಿಂತೆಯೇನೆಂಬುದು ತಿಳಿಯುತ್ತದೆ: ಪ್ರಭುವು ಬರುವ ಮೊದಲೇ ನಮ್ಮವರು ಕೆಲವರು ತೀರಿಕೊಂಡರಲ್ಲ, ಅವರ ಗತಿಯೇನು? ಪೌಲನು ಅವರನ್ನು ಸಂತೈಸುತ್ತಾನೆ. ಸತ್ತವರೇ ಮೊದಲು ಎದ್ದುಬರುವರೆಂದು ಹೇಳುತ್ತಾನೆ. ಉಳಿದಿರುವ ನಾವು ಎಂದು ಬರೆಯುವಾಗ ತನ್ನನ್ನೂ ಆ ದಿನ ಬದುಕಿರುವವರ ಪೈಕಿ ಎಣಿಸಿಕೊಳ್ಳುತ್ತಾನೆ. ಮನೆಯಲ್ಲಿ ಸಾವಾದಾಗ ಎದ್ದ ಈ ಅಳಲಿನೆದುರು, ಕಾಲಗಣನೆಯ ವಾದವಿವಾದಗಳೆಲ್ಲ ನನಗೆ ಸಣ್ಣವಾಗಿ ತೋರುತ್ತವೆ.

ಕ್ರಿ.ಶ. 66ರಲ್ಲಿ ಯೂದಾಯವು ರೋಮಿನ ವಿರುದ್ಧ ದಂಗೆಯೆದ್ದಿತು. 70ರಲ್ಲಿ ರೋಮಿನ ಸೇನಾನಿ ತೀತನ ಸೈನ್ಯವು ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟಿತು. ಆ ಕಾಲದ ಇತಿಹಾಸಕಾರ ಜೋಸೆಫಸನು ಬರೆದಿಟ್ಟಿರುವ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಯುದ್ಧಕ್ಕೆ ನಾಲ್ಕು ವರ್ಷ ಮೊದಲು, ನಗರವು ಇನ್ನೂ ಸುಭಿಕ್ಷವಾಗಿದ್ದಾಗ, ಪರ್ಣಶಾಲೆಗಳ ಹಬ್ಬಕ್ಕೆಂದು ಬಂದ ಹಳ್ಳಿಗನೊಬ್ಬನು, ಅವನ ಹೆಸರೂ ಯೇಸುವೇ, ಅನನೀಯನ ಮಗ, ಇದ್ದಕ್ಕಿದ್ದಂತೆ ನಗರಕ್ಕೂ ದೇವಾಲಯಕ್ಕೂ ಕೇಡು ಬಂತೆಂದು ಕೂಗತೊಡಗಿದನು. ಹಗಲಿರುಳೂ ಬೀದಿಬೀದಿಗಳಲ್ಲಿ ಅದೇ ಕೂಗು. ಪ್ರಮುಖರು ಹಿಡಿದು ಹೊಡೆಯಿಸಿದರು. ರೋಮಿನ ಅಧಿಪತಿ ಅಲ್ಬೀನನು ಎಲುಬು ಕಾಣುವಂತೆ ಕೊರಡೆಯಿಂದ ಹೊಡೆಯಿಸಿದನು. ಅವನು ಕಣ್ಣೀರಿಡಲಿಲ್ಲ, ಬೇಡಿಕೊಳ್ಳಲಿಲ್ಲ, ಒಂದೊಂದು ಪೆಟ್ಟಿಗೂ ಅದೇ ಮಾತನ್ನಾಡಿದನು. ಹುಚ್ಚನೆಂದು ಬಿಟ್ಟುಬಿಟ್ಟರು. ಏಳು ವರ್ಷ ಐದು ತಿಂಗಳು ಕೂಗಿ, ಕೊನೆಗೆ ಮುತ್ತಿಗೆಯ ಸಮಯದಲ್ಲಿ ಕೋಟೆಯ ಗೋಡೆಯ ಮೇಲೆ ನಡೆಯುತ್ತ ತನಗೂ ಕೇಡು ಬಂತೆಂದು ಕೂಗಿದ ಗಳಿಗೆಯಲ್ಲಿಯೇ ರೋಮನರ ಕಲ್ಲೊಂದು ಬಡಿದು ಸತ್ತನು.

ಮಾರ್ಕನು ತನ್ನ ಸುವಾರ್ತೆಯನ್ನು ಬರೆದುದು ಈ ಹೊಗೆಯ ವಾಸನೆ ಇನ್ನೂ ಆರದಿದ್ದಾಗ, ಅಥವಾ ಬೆಂಕಿ ಹತ್ತುವುದಕ್ಕೆ ಕೊಂಚ ಮುಂಚೆ. ಅವನ ಹದಿಮೂರನೆಯ ಅಧ್ಯಾಯದಲ್ಲಿ ಶಿಷ್ಯನೊಬ್ಬನು ದೇವಾಲಯದ ಬೃಹತ್ತಾದ ಕಲ್ಲುಗಳನ್ನು ಕಂಡು ಬೆರಗಾಗುತ್ತಾನೆ. ಗುರುಗಳು ಅವುಗಳಲ್ಲಿ ಒಂದೂ ಮತ್ತೊಂದರ ಮೇಲೆ ನಿಲ್ಲದೆಂದು ಹೇಳುತ್ತಾರೆ. ಬಳಿಕ ಎಣ್ಣೆಮರಗಳ ಗುಡ್ಡದ ಮೇಲೆ, ದೇವಾಲಯಕ್ಕೆ ಎದುರಾಗಿ ಕುಳಿತಾಗ, ಪೇತ್ರ, ಯಾಕೋಬ, ಯೋಹಾನ, ಅಂದ್ರೆಯ ಎಂಬ ನಾಲ್ವರು ಇದು ಯಾವಾಗ ಸಂಭವಿಸುವುದೆಂದು ಗುಟ್ಟಾಗಿ ಕೇಳುತ್ತಾರೆ. ಉತ್ತರದಲ್ಲಿ, ಬಲಿಪೀಠವನ್ನು ಅಪವಿತ್ರಗೊಳಿಸಿದುದಕ್ಕೆ ದಾನಿಯೇಲನಲ್ಲಿ ಬರುವ ಹಳೆಯ ಸಂಕೇತವನ್ನು ಬಳಸಿ, ಓದುವವನು ಗ್ರಹಿಸಲೆಂದು ಲೇಖಕನು ನಡುವೆ ಬಾಯಿಹಾಕುವುದೂ ಉಂಟು. ಲೂಕನು ಅದೇ ಪ್ರಸಂಗವನ್ನು ಹತ್ತು ಹದಿನೈದು ವರ್ಷಗಳ ಮೇಲೆ ಬರೆಯುವಾಗ, ಆ ಗೂಢಸಂಕೇತದ ಎಡೆಯಲ್ಲಿ ಯೆರೂಸಲೇಮನ್ನು ಸೈನ್ಯಗಳು ಮುತ್ತುವುದನ್ನು ನೇರವಾಗಿ ಹೇಳಿ, ನಗರದ ಪತನಕ್ಕೂ ಲೋಕದ ಅಂತ್ಯಕ್ಕೂ ನಡುವೆ ಅನ್ಯಜನಾಂಗಗಳ ಕಾಲವೆಂಬ ದೀರ್ಘಾವಧಿಯೊಂದನ್ನು ತೆರೆದಿಡುತ್ತಾನೆ. ನಗರವೇನೋ ಬಿದ್ದಿತು, ಆಕಾಶ ಬೀಳಲಿಲ್ಲ. ಇದನ್ನು ಕಂಡ ಕಣ್ಣು ಅವನದು. ಮತ್ತಾಯನು ತಡವಾಗಿ ಬರುವ ಮದುವಣಿಗನ ಕಥೆಯನ್ನು ಸೇರಿಸಿ, ದೀಪದ ಎಣ್ಣೆ ತೀರಿದ ಕನ್ಯೆಯರನ್ನು ತೋರಿಸಿ, ಕೊನೆಗೆ ಹಸಿದವರಿಗೆ ಅನ್ನವನ್ನು, ಸೆರೆಯಲ್ಲಿದ್ದವರಿಗೆ ಭೇಟಿಯನ್ನು ನೀಡಿದವರಾರೆಂಬ ತೀರ್ಪಿನಲ್ಲಿ ಪ್ರಕರಣವನ್ನು ಮುಗಿಸುತ್ತಾನೆ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವಂತೂ ಹೃದಯಸ್ಪರ್ಶಿ: ಯೇಸುವಿಗೆ ಪ್ರಿಯನಾದ ಶಿಷ್ಯನು ಸಾಯುವುದೇ ಇಲ್ಲವೆಂಬ ಸುದ್ದಿಯು ಸಹೋದರರಲ್ಲಿ ಹಬ್ಬಿತ್ತೆಂದೂ, ಪ್ರಭುವು ಹೇಳಿದ್ದು ಹಾಗಲ್ಲವೆಂದೂ ಅಲ್ಲಿ ತಿದ್ದಿ ಬರೆದಿದೆ. ಆ ಶಿಷ್ಯನು ತೀರಿಕೊಂಡಿದ್ದಿರಬೇಕು, ಅಥವಾ ಅಂತ್ಯಕಾಲದಲ್ಲಿದ್ದಿರಬೇಕು. ಆ ಮಾತನ್ನೇ ನೆಚ್ಚಿಕೊಂಡಿದ್ದವರನ್ನು ಸಮಾಧಾನಪಡಿಸುವ ಅಗತ್ಯ ಬಿದ್ದಿತ್ತು.

ನನ್ನ ಮನಸ್ಸನ್ನು ಸೆರೆಹಿಡಿದಿರುವುದು ಇದೇ. ತಮ್ಮ ನಿರೀಕ್ಷೆಯು ತಡವಾಗುತ್ತಿದೆಯೆಂದು ತಿಳಿದ ಮೇಲೂ ಆ ಜನ ಕಷ್ಟದ ಮಾತುಗಳನ್ನು ಅಳಿಸಿಹಾಕಲಿಲ್ಲ. ಈ ತಲೆಮಾರು ಗತಿಸುವುದರೊಳಗೆ ಎಲ್ಲವೂ ಆಗುವುದೆಂಬ ಮಾತು ಮೂರು ಸುವಾರ್ತೆಗಳಲ್ಲಿಯೂ ಹಾಗೆಯೇ ಉಳಿದಿದೆ. ಆ ದಿನವು ಮಗನಿಗೂ ತಿಳಿಯದೆಂಬ, ಭಕ್ತರಿಗೆ ನುಂಗಲು ಕಷ್ಟವಾದ ಮಾತೂ ಮಾರ್ಕನಲ್ಲಿ ಉಳಿದಿದೆ. 1906ರಲ್ಲಿ ಆಲ್ಬರ್ಟ್ ಶ್ವೈಟ್ಜರರು, ಯೇಸು ಅಂತ್ಯವನ್ನು ಸಮೀಪದಲ್ಲಿಯೇ ನಿರೀಕ್ಷಿಸಿದ್ದರೆಂದು ಬರೆದು ಯೂರೋಪಿನ ಧರ್ಮಶಾಸ್ತ್ರಜ್ಞರನ್ನು ಕಲಕಿದಾಗ, ಅವರಿಗೆ ಆಧಾರ ಒದಗಿಸಿದುದು ಈ ಪ್ರಾಮಾಣಿಕತೆಯೇ.

ಈ ಬೋಧನೆಯು ನಮ್ಮ ಸೀಮೆಗೆ ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಬಹುದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದರು; 1799ರ ತರುವಾಯ ಫ್ರಾನ್ಸಿನ ಅಬ್ಬೆ ದುಬೊವಾ ಈ ಭಾಗದ ಸಭೆಗಳನ್ನು ಮತ್ತೆ ಕಟ್ಟಿದರು; ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸರ ಪರಿಶ್ರಮದಿಂದ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಇಲ್ಲಿನ ನೆಲವಾದರೋ ಬರಲಿರುವ ಕಾಲದ ಮಾತಿಗೆ ಹೊಸದಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನವನ್ನು ಕನ್ನಡ ನಾಡು ಬಲ್ಲುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ಮೈತ್ರೇಯ ಬುದ್ಧನ ಬರವನ್ನು ನಂಬಿದವರು. ಆದರೆ ಯುಗಚಕ್ರವು ಮರಳಿ ತಿರುಗುವುದೆಂಬ ನಂಬಿಕೆಗೂ, ಒಮ್ಮೆಯೇ ಬಂದು ಲೆಕ್ಕ ಮುಗಿಸುವ ದಿನದ ನಂಬಿಕೆಗೂ ಅಂತರವುಂಟು. ಎರಡನೆಯದರಲ್ಲಿ ಕಾಯುವವನ ಹೊಣೆ ಹೆಚ್ಚು. ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿ ಐದಾರು ದಿನ ಹಗಲೂ ರಾತ್ರಿಯೂ ಒಲೆಯ ಮುಂದೆ ಕುಳಿತು, ಕಾವು ಹದ ಮೀರಿ ಏರದಂತೆ ಇಳಿಯದಂತೆ ಸೌದೆಯೊಡ್ಡುವ ರೈತನಿಗೆ, ಎಚ್ಚರವಾಗಿರೆಂಬ ಆ ಬೋಧನೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಲೋಕಾಂತ್ಯದ ತಾರೀಖನ್ನು ಗುಣಿಸಿ ಹೇಳುವವರು ಇಂದಿಗೂ ಊರೂರಿಗೆ ಬರುತ್ತಾರೆ, ಜನ ಹೆದರುತ್ತಾರೆ. ಕ್ರೈಸ್ತರಾಗಲಿ ಅಲ್ಲದವರಾಗಲಿ, ಅಂಥವರ ಮಾತಿಗೆ ಕಿವಿಗೊಡುವ ಮೊದಲು ಕನ್ನಡ ಬೈಬಲನ್ನು ತೆರೆದು ಮಾರ್ಕನ ಹದಿಮೂರು, ಮತ್ತಾಯನ ಇಪ್ಪತ್ತನಾಲ್ಕು ಮತ್ತು ಇಪ್ಪತ್ತೈದು, ಲೂಕನ ಇಪ್ಪತ್ತೊಂದು, ಈ ಅಧ್ಯಾಯಗಳನ್ನು ಒಂದೇ ಸಲ ಕುಳಿತು ಪಕ್ಕಪಕ್ಕದಲ್ಲಿಟ್ಟು ಓದಬೇಕೆಂದೂ, ಓದುವಾಗ ಕ್ರಿ.ಶ. 70ನೆಯ ವರ್ಷವನ್ನು ಮರೆಯಬಾರದೆಂದೂ ನನ್ನ ಪ್ರಾರ್ಥನೆ.