ಆತುರವಿಲ್ಲದ ಸೈತಾನ

ಹೆವಿ ಮೆಟಲ್ ಎಂದೊಡನೆಯೇ ಕಿವಿಗೆ ಬೆರಳಿಟ್ಟುಕೊಳ್ಳುವ ಸಹೃದಯರು ನಮ್ಮಲ್ಲಿ ಅನೇಕರುಂಟು. ಬಹುಕಾಲ ನಾನೂ ಅವರಲ್ಲೊಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಆದರೆ 1980ರ ದಶಕದಲ್ಲಿ ಹ್ಯಾಂಬರ್ಗಿನ ಹೆಲೋವೀನ್ ಮೊದಲಾದ ವೃಂದಗಳ ಕೈಯಲ್ಲಿ ರೂಪುಗೊಂಡು, ವೇಗವನ್ನೇ ಪ್ರಾಣವಾಗಿಯೂ ತಾರಸ್ಥಾಯಿಯ ಗಾಯನವನ್ನೇ ಭೂಷಣವಾಗಿಯೂ ಉಳ್ಳ ‘ಪವರ್ ಮೆಟಲ್’ ಎಂಬ ಶಾಖೆಯು ಪುರಾಣ, ವೀರಗಾಥೆಗಳ ಮೇಲೆ ಇರಿಸಿಕೊಂಡಿರುವ ವ್ಯಾಮೋಹವನ್ನು ಕಂಡ ಮೇಲೆ, ಆ ಬೆರಳನ್ನು ನಾನು ಮೆಲ್ಲನೆ ತೆಗೆದೆನು.

ಈ ಶಾಖೆಗೆ ಸೇರಿದ, ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ ಕ್ಯಾಮೆಲಾಟ್ ವೃಂದವು 2003ರಲ್ಲಿ ‘ಎಪಿಕಾ’ ಎಂಬುದನ್ನೂ 2005ರಲ್ಲಿ ‘ದಿ ಬ್ಲ್ಯಾಕ್ ಹೇಲೋ’ ಎಂಬುದನ್ನೂ ಹೊರತಂದು, ಒಂದೇ ಕಥೆಯನ್ನು ಎರಡು ಆಲ್ಬಂಗಳಲ್ಲಿ ಹಾಡಿತು. ಕಥೆಯ ಮೂಲವು 1808ರಲ್ಲಿ ಮೊದಲ ಭಾಗವೂ ಕವಿಯ ಮರಣಾನಂತರ 1832ರಲ್ಲಿ ಎರಡನೆಯದೂ ಪ್ರಕಟವಾದ ಗಯಟೆಯ ‘ಫೌಸ್ಟ್’. (ಮೊದಲ ಆಲ್ಬಮ್ಮಿನ ಹೆಸರು ಎಷ್ಟು ಹಿಡಿಸಿತೆಂದರೆ ಹಾಲೆಂಡಿನ ಒಂದು ಹೊಸ ವೃಂದವು ಅದನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು, ಅದರ ಗಾಯಕಿ ಸಿಮೋನೆ ಸಿಮನ್ಸ್ ಎರಡನೆಯ ಆಲ್ಬಮ್ಮಿಗೆ ಬಂದು ಹಾಡಿದಳು.)

ಇಲ್ಲಿ ಆ ನಾಟಕದ ನಾಯಕ ಫೌಸ್ಟನು ಏರಿಯಲ್ ಆಗಿದ್ದಾನೆ. ಪರಮಸತ್ಯವನ್ನು ಅರಸುತ್ತ ಪ್ರೇಯಸಿ ಹೆಲೆನಾಳನ್ನು ತೊರೆದು ಹೊರಟ ಈತನ ಆತ್ಮವನ್ನು ಗೆದ್ದುಕೊಂಡರೆ ತನಗೆ ಸ್ವರ್ಗವು ಮರಳಿ ದೊರಕುವುದೆಂದು, ಒಮ್ಮೆ ದೇವದೂತನಾಗಿದ್ದು ಪತಿತನಾದ ಸೈತಾನ ಮೆಫಿಸ್ಟೋ ಪಣ ತೊಡುತ್ತಾನೆ. ಕರಾರು ಸೂಕ್ಷ್ಮವಾದುದು: ಯಾವುದಾದರೊಂದು ಕ್ಷಣವು ಹೀಗೆಯೇ ಶಾಶ್ವತವಾಗಿ ನಿಂತುಬಿಡಲಿ ಎಂದು ಏರಿಯಲ್ ಬಯಸಿದನೋ, ಆತ್ಮವು ಸೈತಾನನ ಸೊತ್ತು.

ನಿಲ್ಲಬಯಸಿದವನು ಕೆಟ್ಟನೆಂಬ ಈ ಕಥೆಯನ್ನು ಹೇಳಲು ನಿಲ್ಲಲರಿಯದ ಸಂಗೀತವೊಂದು ಮುಂದಾದುದರಲ್ಲಿಯೇ ನನಗೆ ಇದರ ಸ್ವಾರಸ್ಯವೆಲ್ಲ ಅಡಗಿರುವಂತೆ ತೋರುತ್ತದೆ. ‘ವೆನ್ ದಿ ಲೈಟ್ಸ್ ಆರ್ ಡೌನ್’ ಎಂಬ ಗೀತದಲ್ಲಿ ಡ್ರಮ್ಮುಗಳು ಏರಿಯಲ್ಲನನ್ನು ಬೆನ್ನಟ್ಟಿಕೊಂಡು ಓಡುತ್ತವೆ. ಆದರೆ ‘ಮಾರ್ಚ್ ಆಫ್ ಮೆಫಿಸ್ಟೋ’ ಎಂಬಲ್ಲಿ ಸೈತಾನನೋ, ಕಾಲವೆಲ್ಲವೂ ತನ್ನದೇ ಎಂಬಂತೆ, ಭಾರವಾದ ಹೆಜ್ಜೆಯನ್ನಿಡುತ್ತ ನಿಧಾನವಾಗಿ ಬರುತ್ತಾನೆ. ಆತುರವು ಮರ್ತ್ಯನಿಗೆ ಮಾತ್ರ. ಇನ್ನೊಂದು ಸಂಗತಿ: ಆ ಗೀತದಲ್ಲಿ ನಾರ್ವೆಯ ಡಿಮ್ಮು ಬೋರ್ಗಿರ್ ವೃಂದದ ಶಾಗ್ರಾತನ ಗರ್ಜನೆ ಆಗಾಗ ಅಡ್ಡ ಬಂದರೂ, ಮೆಫಿಸ್ಟೋವಿನ ಮಾತುಗಳನ್ನು ಬಹುಮಟ್ಟಿಗೆ ಹಾಡಿದವನು ಏರಿಯಲ್ಲನನ್ನೂ ಹಾಡಿದ, ಕ್ಯಾಮೆಲಾಟಿನ ಅಂದಿನ ಗಾಯಕ ರಾಯ್ ಖಾನ್. ಪ್ರಲೋಭಿಸುವವನೂ ಪ್ರಲೋಭನೆಗೆ ಸಿಲುಕಿದವನೂ ಒಂದೇ ಕಂಠದಿಂದ ನುಡಿಯುವಾಗ, ಇವರಿಬ್ಬರ ನಡುವಣ ಗೆರೆ ಎಲ್ಲಿದೆಯೆಂದು ಕೇಳುಗನು ಹುಡುಕಬೇಕಾಗುತ್ತದೆ.

ನಡುನಡುವೆ ತುರುಕಿರುವ ಸಂಭಾಷಣೆಯ ತುಣುಕುಗಳು ನನಗೆ ರುಚಿಸಲಿಲ್ಲ. ರಾಗವೇ ಹೇಳಿ ಮುಗಿಸಿದುದನ್ನು ಅವು ಬಡಬಡಿಸುತ್ತವೆ.

ಬಸುರಿಯಾದ ಹೆಲೆನಾ ಮೊದಲ ಆಲ್ಬಮ್ಮಿನಲ್ಲಿಯೇ ನದಿಯ ಪಾಲಾಗುತ್ತಾಳೆ. ಎರಡನೆಯದರ ಕಡೆಯಲ್ಲಿ, ಒಂಬತ್ತು ನಿಮಿಷಗಳ ಸಮೀಪಕ್ಕೆ ಸಾಗುವ ‘ಮೆಮೆಂಟೋ ಮೋರಿ’ಯಲ್ಲಿ, ಸಾವಿನ ಹೊಸ್ತಿಲಲ್ಲಿ ನಿಂತ ಏರಿಯಲ್ಲನಿಗೆ ತಾನು ಅರಸಿದುದೆಲ್ಲ ಆಕೆಯ ಪ್ರೀತಿಯಲ್ಲಿಯೇ ಇತ್ತೆಂದು ತಿಳಿಯುತ್ತದೆ. ಆ ಪರಿಪೂರ್ಣ ಕ್ಷಣವು ಬಂದುದೇನೋ ನಿಜ. ಆದರೆ ಅದು ಸೈತಾನನು ಕೊಟ್ಟುದಲ್ಲವಾದುದರಿಂದ ಅವನ ಹಕ್ಕು ಬಿದ್ದುಹೋಗುತ್ತದೆ. ಏರಿಯಲ್ಲನು ಉಳಿದನೆಂದು ಸಂತೋಷಪಡುವ ಹೊತ್ತಿನಲ್ಲಿಯೂ, ತನ್ನ ಮನೆಗೆ ಮರಳಬೇಕೆಂಬ ಒಂದೇ ಆಸೆಗಾಗಿ ಇಷ್ಟನ್ನೆಲ್ಲ ಹೂಡಿ ಬಾಗಿಲ ಹೊರಗೆಯೇ ಉಳಿದ ಆ ಇನ್ನೊಬ್ಬನ ಕಡೆಗೆ ನನ್ನ ಮನಸ್ಸು ಏಕೋ ತಿರುಗುತ್ತದೆ.